ಟೋಲಾಳ ಅರ್ಧ ಸಾಲು

ಸ್ಕೆಲ್‌ವಿಕ್ ಕನ್ಯಾಮಠ, ಟ್ರೆಂಟ್ ನದಿ ದಂಡೆ
ಸಂತ ಮಾರ್ಟಿನ್ ಹಬ್ಬ ಕಳೆದ ಮೂರನೇ ದಿನ, 1110
(ನವೆಂಬರಿನಲ್ಲಿ ಬರೀತಿದ್ದೀನಿ, ಹಾಗಾಗಿ ಇಸವಿ ಬಗ್ಗೆ ಜಗಳ ಇಲ್ಲ. ಫೆಬ್ರುವರಿ ಆಗಿದ್ದರೆ ಈ ಜಾಗ ಖಾಲಿ ಬಿಡಬೇಕಾಗ್ತಿತ್ತು. ಯಾಕೆ ಅಂತ ಮುಂದೆ ಹೇಳ್ತೀನಿ.)

ನನ್ನ ಗುನ್ನಿಲ್ಡಾ,

ಚೆನ್ನಾಗಿದ್ದೀಯಾ? ಮೊಣಕಾಲು ನೋವು ಹೇಗಿದೆ? ಕೆಂಟ್ ಕಡೆ ಚಳಿ ಕಡಿಮೆ ಅಂತ ಹೇಳಿ ನಿನ್ನನ್ನ ಆ ಮಠಕ್ಕೆ ಕಳಿಸಿ ಒಂಬತ್ತು ವರ್ಷ ಆಯ್ತು, ಆದರೂ ಪ್ರತಿ ಪತ್ರದಲ್ಲಿ ನೀನು ಬರೆಯೋದು ಚಳಿ ಬಗ್ಗೆನೇ. ನಾನು ಗಟ್ಟಿಯಾಗಿದ್ದೀನಿ. ಎರಡು ಹಲ್ಲು ಹೋದವು, ಮಿಕ್ಕಿದ್ದೆಲ್ಲ ಇದ್ದ ಜಾಗದಲ್ಲೇ ಇದೆ.

ಉತ್ತರ ತಡ ಆಯ್ತು, ಬೈಬೇಡ. ನಿನ್ನ ಪತ್ರ ಬೇಸಗೆಯಲ್ಲೇ ಕೈಸೇರಿತ್ತು. ಲೇಖನಿಗೆ ಗರಿ ಸಿಗಲಿಲ್ಲ ಅಂತ ಸುಳ್ಳು ಹೇಳೋಣ ಅಂದ್ರೆ ನಮ್ಮ ಅಂಗಳದ ತುಂಬ ಹೆಬ್ಬಾತುಗಳೇ ಓಡಾಡ್ತವೆ ಅಂತ ನಿನಗೆ ಗೊತ್ತು. ನಿಜ ಏನಪ್ಪಾ ಅಂದ್ರೆ, ನೀನು ಕೇಳಿದ ಎರಡು ಪ್ರಶ್ನೆಗೆ ಹೆದರಿ ಕೂತಿದ್ದೆ. ಟೋಲಾಳ ಹೆಸರು ಪುಸ್ತಕದಲ್ಲಿ ಬಂತಾ, ಇದು ಒಂದು. ಅವಳ ಪ್ರಾಣ ಹೋಗುವಾಗ ನಾನು ಹತ್ತಿರ ಇದ್ದೆನಾ, ಇದು ಇನ್ನೊಂದು. ಮೊದಲನೇದಕ್ಕೆ ಹೋದ ವಾರ ತಾನೇ ಉತ್ತರ ಸಿಕ್ಕಿದೆ, ಅದಕ್ಕೇ ಬರೆಯೋಕೆ ಕೂತೆ. ಎರಡನೇದಕ್ಕೆ ಆಮೇಲೆ ಬರ್ತೀನಿ, ತಾಳು.

ನಮ್ಮ ಪುಸ್ತಕ ನಿನಗೆ ನೆನಪಿರಬೇಕು. ಒಂದು ವರ್ಷಕ್ಕೆ ಒಂದು ಸಾಲು. ಎಡಗಡೆ ಆ ವರ್ಷ ಈಸ್ಟರ್ ಯಾವತ್ತು ಬರುತ್ತೆ ಅನ್ನೋ ಲೆಕ್ಕ, ಬಲಗಡೆ ಒಂದು ಗೇಣು ಖಾಲಿ ಜಾಗ. ಆ ಒಂದು ಗೇಣಿನಲ್ಲಿ ಪ್ರಪಂಚದಲ್ಲಿ ಆ ವರ್ಷ ನಡೆದಿದ್ದೆಲ್ಲ ಹಿಡಿಸಬೇಕು. ರಾಜ ಸತ್ತರೂ ಅಲ್ಲೇ, ಬರ ಬಂದರೂ ಅಲ್ಲೇ. 1098ರಲ್ಲಿ ಯಾರೋ ಪುಣ್ಯಾತ್ಗಿತ್ತಿ ಅರ್ಧ ಗೇಣು ಜಾಗ ಎರಡು ತಲೆಯ ಕರುವಿಗೆ ಕೊಟ್ಟಿದ್ದಾಳೆ. ಟೋಲಾಗೆ ಆ ಕರುವಿನ ಮೇಲೆ ಎಷ್ಟು ಹೊಟ್ಟೆಕಿಚ್ಚು ಇತ್ತು, ನೆನಪಿದೆ ತಾನೇ? ಮಠದ ಬಟ್ಟೆಯೆಲ್ಲ ಒಗೆದು ಒದ್ದೆ ಕೈ ಸೊಂಟಕ್ಕೆ ಒರೆಸಿಕೊಳ್ತಾ ಬಂದು ಪ್ರತಿ ವರ್ಷ ಅದೇ ಮಾತು: "ಎರಡು ತಲೆ ಇದ್ದಿದ್ದಕ್ಕೆ ಜಾಗ ಇದೆ, ಒಂದೇ ತಲೆಯವಳಿಗೆ ಇಲ್ವೇನ್ರಮ್ಮಾ?"

ಹೋದ ವರ್ಷ ಪುಸ್ತಕದ ಕೆಲಸ ನನ್ನ ಪಾಲಿಗೆ ಬಂದಾಗ ಅವಳ ಸಂಭ್ರಮ ನೋಡಬೇಕಿತ್ತು. ತಾನೇ ಬಿಷಪ್ ಆದ ಹಾಗೆ ಊರೆಲ್ಲ ಹೇಳಿಕೊಂಡು ಬಂದಳು. ಆಮೇಲೆ ನನ್ನ ಮುಂದೆ ಕೂತು, "ಮಗಾ, ಈಗಲಾದ್ರೂ ಹಾಕ್ತೀಯಾ?" ಅಂದಳು.

"ಸುಮ್ನೆ ಹೆಂಗೆ ಹಾಕೋದು ಟೋಲಾ? ಏನಾದ್ರೂ ಆಗಬೇಕಲ್ಲ. ನೀನು ಸತ್ತ ವರ್ಷ ಹಾಕ್ತೀನಿ, ದೇವರಾಣೆ."

"ಹಂಗಾದ್ರೆ ಬೇಗ ಸಾಯ್ತೀನಿ ಬಿಡು," ಅಂತ ನಕ್ಕು ಬಟ್ಟೆ ಬುಟ್ಟಿ ಎತ್ತಿಕೊಂಡು ಹೋದಳು. ಆಡಿದ ಹಾಗೇ ಮಾಡಿದಳು, ಹಟಮಾರಿ. ಈ ಮಾರ್ಚ್ ಏಳನೇ ತಾರೀಕು, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಎರಡನೇ ವಾರ, ಹೊರಟೇಹೋದಳು.

ಹೋಗಲಿ, ಮಾತು ಕೊಟ್ಟಿದ್ದೀನಿ, ಕ್ರಿಸ್ಮಸ್ ಹೊತ್ತಿಗೆ 1110ರ ಸಾಲು ಬರೆಯುವಾಗ ಕೊನೇಲಿ ಎರಡು ಪದ ಸೇರಿಸಿದರಾಯ್ತು ಅಂತ ನಾನಿದ್ದೆ. ಅಷ್ಟರಲ್ಲಿ ನಾರ್ಮಂಡಿಯಿಂದ ಮಠ ನಡೆಸೋಕೆ ನಮಗೆ ಹೊಸ ಅಮ್ಮನವರು ಬಂದರು. ಹೆಸರು ರೊಹೇಸ್. ಎತ್ತರದ ಹೆಂಗಸು, ನೇರ ಬೆನ್ನು, ನಮ್ಮ ಬಟಾಣಿ ಗಂಜಿ ನೋಡಿದರೆ ಶವ ನೋಡಿದ ಮುಖ. ಕೆಟ್ಟವರಲ್ಲ ಕಣೇ. ಆದರೆ ಅವರು ಬಂದ ಐದನೇ ದಿನಕ್ಕೆ ಚಂದ್ರ ಆರಿಹೋದ.

ನಿಮ್ಮ ಕಡೆಯೂ ಕಂಡಿರಬೇಕು. ಮೇ ಐದರ ಸಂಜೆ ತುಂಬು ಚಂದ್ರ ಬೆಳ್ಳಗೆ ಬಂದ, ನೋಡ್ತಾ ನೋಡ್ತಾ ಕರಗಿದ, ಕೊನೆಗೆ ಮಸಿ ಬಟ್ಟೆಯಲ್ಲಿ ಒರೆಸಿದ ಹಾಗೆ ಏನೂ ಇಲ್ಲ. ಅಡುಗೆಯವಳು ಅಂಗಳದಲ್ಲಿ ಕೈಯಲ್ಲಿ ಸೌಟು ಹಿಡಿದುಕೊಂಡೇ, "ಈಯಮ್ಮನ ಕಾಲ್ಗುಣ!" ಅಂತ ಗಟ್ಟಿಯಾಗಿ ಅಂದುಬಿಟ್ಟಳು. ಪುಣ್ಯಕ್ಕೆ ಅಮ್ಮನವರಿಗೆ ಇನ್ನೂ ನಮ್ಮ ಇಂಗ್ಲಿಷು ಬರ್ತಿರಲಿಲ್ಲ. "ಏನಂತಾಳೆ?" ಅಂತ ನನ್ನನ್ನ ಕೇಳಿದರು. "ತಮ್ಮ ಪಾದ ಇಲ್ಲಿಗೆ ಬಂದಿದ್ದು ದೊಡ್ಡ ವಿಷಯ ಅಂತಿದ್ದಾಳೆ," ಅಂದೆ. ಅವರು ಸೌಟಿನವಳಿಗೆ ತಲೆಬಾಗಿ ವಂದಿಸಿದರು.

ಜೂನಿನಲ್ಲಿ ಬಾಲದ ನಕ್ಷತ್ರ ಬಂತು, ಮೂರು ವಾರ ಹೋಗಲಿಲ್ಲ. ಶ್ರೂಸ್‌ಬರಿ ಕಡೆ ಭೂಮಿ ನಡುಗಿತಂತೆ. ಸೇಬು, ಪೇರು, ಪ್ಲಮ್ಮು ಒಂದೂ ನಿಲ್ಲಲಿಲ್ಲ, ಹೂವೆಲ್ಲ ಮಳೆಗೆ ಉದುರಿತು. ಪ್ರತಿಯೊಂದಕ್ಕೂ ಅಡುಗೆಯವಳು ಸೌಟು ಎತ್ತಿ ಅಮ್ಮನವರ ಕೋಣೆ ಕಡೆ ತೋರಿಸೋದು. ನನಗೆ ಮಾತ್ರ ಇದೆಲ್ಲ ಹಬ್ಬ. ಪುಸ್ತಕ ಕೈಗೆ ಬಂದ ಎರಡನೇ ವರ್ಷಕ್ಕೇ ಇಷ್ಟೊಂದು ಯಾರಿಗೆ ಸಿಗುತ್ತೆ ಹೇಳು? ಮೇಣದ ಹಲಗೆ ಸೊಂಟಕ್ಕೆ ಕಟ್ಟಿಕೊಂಡು ಎಲ್ಲ ಗೀಚಿಕೊಳ್ತಾ ತಿರುಗಿದೆ.

ದೂರದ ಸುದ್ದಿಗೆ ನಮ್ಮ ಆಸ್ಕೆಟಿಲ್ ಇದ್ದೇ ಇದ್ದಾನಲ್ಲ, ಜೆರುಸಲೇಮಿಗೆ ಹೋಗಿಬಂದೆ ಅಂತ ಇಪ್ಪತ್ತು ವರ್ಷದಿಂದ ಅತಿಥಿಗೃಹಗಳಲ್ಲಿ ಊಟ ಮಾಡ್ತಿರೋ ಮಹಾನುಭಾವ. ಬೈರೂತ್ ಪಟ್ಟಣ ನಮ್ಮವರ ವಶ ಆಯ್ತು ಅಂತ ಅವನೇ ತಂದ. ಸ್ಪೇನಿನಲ್ಲಿ ಸರಗೋಸಾ ಆಫ್ರಿಕದಿಂದ ಬಂದವರ ಪಾಲಾಯ್ತಂತೆ. ಜರ್ಮನಿಯ ರಾಜ ಸೈನ್ಯ ಕಟ್ಟಿಕೊಂಡು ರೋಮಿಗೆ ಹೊರಟನಂತೆ. ನಾರ್ವೆಯ ರಾಜ ಹಡಗು ತಗೊಂಡು ಪವಿತ್ರ ಭೂಮಿಗೆ ಹೋದನಂತೆ. "ಎಷ್ಟು ಹಡಗು?" ಅಂದೆ. ಮೊದಲ ಲೋಟ ಬಿಯರಿಗೆ ಅರವತ್ತು ಅಂದ, ಎರಡನೇದಕ್ಕೆ ನೂರು. ಮೂರನೇ ಲೋಟ ನಾನೇ ತಡೆದೆ, ಸಮುದ್ರದಲ್ಲಿ ಜಾಗ ಉಳಿಯಲಿ ಅಂತ.

ಆದರೆ ಗುನ್ನಿಲ್ಡಾ, ಈ ವರ್ಷದ ದೊಡ್ಡ ಸಂಗತಿ ಬೈರೂತಿನದಲ್ಲ, ಟ್ರೆಂಟಿನದು. ನದಿ ಬತ್ತಿಹೋಯ್ತು! ನಗಬೇಡ. ಒಂದು ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ನೀರೇ ಇಲ್ಲ. ಮೈಲಿಯುದ್ದಕ್ಕೂ ಕೆಸರು, ನಡುವೆ ಜಾನುವಾರು ಕುಡಿಯೋ ಕಾಲುವೆಯಷ್ಟು ಮಾತ್ರ ಹರೀತಿದೆ. ಊರಿಗೆ ಊರೇ ಬುಟ್ಟಿ ಹಿಡಿದು ಇಳಿಯಿತು. ಹಾವುಮೀನು ಬಾಚಿದ್ದೇ ಬಾಚಿದ್ದು. ಪ್ರಾರ್ಥನೆ ಗಂಟೆ ಹೊಡೆದರೂ ನಮ್ಮ ಸಿಸ್ಟರುಗಳು ಮಂಡಿಯವರೆಗೆ ಬಟ್ಟೆ ಎತ್ತಿ ಕಟ್ಟಿಕೊಂಡು ಕೆಸರಲ್ಲೇ. ಅವರನ್ನ ವಾಪಸ್ ಕರೆಯೋಕೆ ಅಮ್ಮನವರು ಸ್ವತಃ ದಡಕ್ಕೆ ಬಂದರು. ಯಾರೂ ತಿರುಗಿ ನೋಡಲಿಲ್ಲ. ಕೋಪದಲ್ಲಿ ಒಂದು ಹೆಜ್ಜೆ ಕೆಳಗಿಟ್ಟರು, ಇನ್ನೊಂದು ಇಟ್ಟರು, ಬಲಗಾಲು ಹೂತುಹೋಯ್ತು. ಎಳೆದರೆ ಕಾಲು ಬಂತು, ಪಾದರಕ್ಷೆ ಬರಲಿಲ್ಲ. ಅದೂ ರೂಆನ್ ಪಟ್ಟಣದ ಪಾದರಕ್ಷೆ, ಮೆತ್ತನೆ ಕೆಂಪು ತೊಗಲು. ಅದನ್ನ ಹುಡುಕೋಕೆ ಮೊಣಕೈವರೆಗೆ ಕೆಸರಿಗೆ ಕೈಹಾಕಿದರು. ಏನೋ ಸಿಕ್ಕಿತು. ಎಳೆದರು.

ಹಿತ್ತಾಳೆ ಹೂಜಿ ಕಣೇ.

ಕುತ್ತಿಗೆ ಬಗ್ಗಿದ್ದು, ಹಿಡಿಕೆಗೆ ಕುದುರೆ ತಲೆ ಇದ್ದಿದ್ದು. ಅದೇ. ನಾವಿಬ್ಬರೂ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಅದನ್ನ ಹಡಗು ಮಾಡಿ ತೇಲಿಬಿಟ್ಟು, ಗುಳುಂ ಅಂತ ಮುಳುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದೆವಲ್ಲ. ನನಗೆ ಎಂಟು, ನಿನಗೆ ಒಂಬತ್ತು. ಸಾಯಂಕಾಲ ಎಲ್ಲರನ್ನ ಸಾಲಾಗಿ ನಿಲ್ಲಿಸಿ ಹೂಜಿ ಎಲ್ಲಿ ಅಂತ ಕೇಳಿದಾಗ, ತನ್ನನ್ನ ಯಾರೂ ಕೇಳದೆ ಇದ್ದರೂ ಟೋಲಾ ಮುಂದೆ ಬಂದು "ಒಗೆಯುವಾಗ ನನ್ನ ಕೈಜಾರಿ ಹೋಯ್ತು" ಅಂದಳು. ಒಂದು ವರ್ಷ ಅವಳಿಗೆ ಬೆಣ್ಣೆ ನಿಲ್ಲಿಸಿದರು. ಕಳ್ಳಿ ಅಂತ ಹಿಂದೆಮುಂದೆ ಆಡಿಕೊಂಡರು. ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಅವಳೂ ಸಾಯೋವರೆಗೆ ಅದರ ಮಾತೆತ್ತಲಿಲ್ಲ.

ಈಗ ಕೇಳು. ಅಮ್ಮನವರು ಒಂದು ಕಾಲಲ್ಲಿ ಪಾದರಕ್ಷೆ, ಕೈಯಲ್ಲಿ ಹೂಜಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ಪವಾಡ!" ಅಂದರು. ದೇವರು ನದಿ ಒಣಗಿಸಿ ಮಠಕ್ಕೆ ಪಾತ್ರೆ ದಯಪಾಲಿಸಿದ, ಇದು ಈ ವರ್ಷದ ಸಾಲಿನಲ್ಲಿ ಬರಲೇಬೇಕು ಅಂತ ನನಗೆ ಅಲ್ಲೇ ಅಪ್ಪಣೆ ಆಯ್ತು. ಅಷ್ಟರಲ್ಲಿ ನೀರು ಭರ್ರನೆ ವಾಪಸ್ ಬಂತು. ಒಂಬತ್ತು ಗಂಟೆ ಹೊತ್ತಿಗೆ ನದಿ ಮೊದಲಿನ ಹಾಗೆ ಹರೀತಿತ್ತು. ಕೆಂಪು ಪಾದರಕ್ಷೆ ಒಳಗೇ ಉಳಿಯಿತು.

ನನಗೆ ಮೂರು ದಿನ ಗಂಜಿ ಇಳಿಯಲಿಲ್ಲ. ನಾಲ್ಕನೇ ದಿನ ಹೋಗಿ ಅವರ ಮುಂದೆ ಮಂಡಿಯೂರಿದೆ.

"ಅಮ್ಮನವರೇ, ಅದು ಪವಾಡ ಅಲ್ಲ. ಅದು ನಮ್ಮದೇ ಹೂಜಿ. ಮುಳುಗಿಸಿದ್ದು ನಾನು ಮತ್ತೆ ಗುನ್ನಿಲ್ಡಾ. ಬೈಸಿಕೊಂಡಿದ್ದು ಟೋಲಾ."

"ಟೋಲಾ ಯಾರು?"

"ಬಟ್ಟೆ ಒಗೀತಿದ್ದಳು. ನಮ್ಮಿಬ್ಬರನ್ನ ಸಾಕಿದವಳು. ತಾವು ಬರೋ ಮುಂಚೆ ತೀರಿಕೊಂಡಳು."

"ಪವಾಡ ಹೋಯ್ತಲ್ಲಾ," ಅಂದರು ಅಮ್ಮನವರು. ಆಮೇಲೆ ಶಿಕ್ಷೆ ಕೊಟ್ಟರು: ನನಗೆ ಇಪ್ಪತ್ತು ದಿನ ಬೆಣ್ಣೆ ಇಲ್ಲ. "ಇನ್ನೊಬ್ಬಳು ಕೆಂಟಿನಲ್ಲಿದ್ದಾಳೆ, ಅವಳ ಇಪ್ಪತ್ತೂ ನೀನೇ ಮಾಡು," ಅಂದರು. ಮಾಡಿದೆ ಮಾರಾಯ್ತಿ. ನಿನ್ನ ಪಾಲಿನ ಇಪ್ಪತ್ತು ದಿನ ನಿನ್ನನ್ನ ಬೈದುಕೊಂಡೇ ಒಣ ರೊಟ್ಟಿ ಅಗಿದೆ, ಹಲ್ಲು ಹೋಗಿದ್ದು ಆಗಲೇ.

ನಾನು ಎದ್ದು ನಿಂತು, ಇದೇ ಸಮಯ ಅಂತ ಕೇಳಿದೆ. "ಪವಾಡದ ಜಾಗ ಖಾಲಿ ಆಯ್ತಲ್ಲ ಅಮ್ಮನವರೇ. ಅಲ್ಲಿ ಟೋಲಾಳ ಹೆಸರು ಹಾಕಲಾ? ಎರಡೇ ಪದ. ಮಾತು ಕೊಟ್ಟಿದ್ದೆ."

"ಯಾವಾಗ ತೀರಿಕೊಂಡಳು?"

"ಮಾರ್ಚ್ ಏಳು."

"ಹಾಗಾದರೆ ಈ ವರ್ಷ ಅಲ್ಲವಲ್ಲ," ಅಂದರು.

ನನಗೆ ಅರ್ಥ ಆಗಲಿಲ್ಲ. ಆಮೇಲೆ ತಿಳೀತು. ನಮ್ಮ ಮಠದಲ್ಲಿ ಅಜ್ಜಿ ಮುತ್ತಜ್ಜಿ ಕಾಲದಿಂದ ಕ್ರಿಸ್ಮಸ್ಸಿಗೆ ಹೊಸ ವರ್ಷ. ಅಮ್ಮನವರ ಪದ್ಧತೀಲಿ ಮಾತೆ ಮರಿಯಳಿಗೆ ದೇವದೂತ ಶುಭವಾರ್ತೆ ತಂದ ದಿನ, ಅಂದರೆ ಮಾರ್ಚ್ ಇಪ್ಪತ್ತೈದಕ್ಕೆ ಹೊಸ ವರ್ಷ. ಇನ್ನು ಮೇಲೆ ಇಲ್ಲೂ ಹಾಗೇ ಅಂತ ಆಜ್ಞೆ. ಮಾರ್ಚ್ ಏಳಕ್ಕೆ ಸತ್ತವಳು ಈ ಲೆಕ್ಕದಲ್ಲಿ 1109ರಲ್ಲಿ ಸತ್ತ ಹಾಗೆ. "1109ರ ಸಾಲಿನಲ್ಲಿ ಹಾಕಿಕೋ, ನನ್ನದೇನೂ ಅಡ್ಡಿ ಇಲ್ಲ," ಅಂದರು. ಓಡಿಹೋಗಿ ಪುಸ್ತಕ ತೆಗೆದೆ. 1109ರ ಸಾಲನ್ನ ಹೋದ ಕ್ರಿಸ್ಮಸ್ಸಿಗೇ ಮುಗಿಸಿದ್ದೆ. ಅಂಚಿನವರೆಗೆ ಭರ್ತಿ, ಒಂದು ಇರುವೆಗೂ ಜಾಗ ಇಲ್ಲ.

ಎರಡು ವರ್ಷದ ನಡುವೆ ಸಂದಿಯಲ್ಲಿ ಬಿದ್ದಳಲ್ಲೇ ನಮ್ಮ ಟೋಲಾ! ಇಸವಿ ಇಲ್ಲದ ಮಾರ್ಚಿನಲ್ಲಿ ಸತ್ತಳು. ನಾನು ನಗಬೇಕೋ ಅಳಬೇಕೋ ಗೊತ್ತಾಗದೆ ಎರಡನ್ನೂ ಮಾಡಿದೆ.

ಹೋದ ವಾರ ಸಾಲು ಗೊತ್ತುಮಾಡೋಕೆ ಅಮ್ಮನವರ ಹತ್ತಿರ ಮೇಣದ ಹಲಗೆ ತಗೊಂಡು ಕೂತೆ. ಚೌಕಾಸಿ ಶುರುವಾಯ್ತು.

"ಚಂದ್ರ, ಬಾಲದ ನಕ್ಷತ್ರ, ಎರಡೂ ಆಕಾಶದ್ದೇ. ಸೇರಿಸಿ 'ಆಕಾಶದಲ್ಲಿ ಗುರುತುಗಳು' ಅನ್ನು. ಜಾಗ ಉಳಿಯುತ್ತೆ."

"ಹಾಗಂದ್ರೆ ಏನು ಗುರುತು ಅಂತ ಓದಿದವರಿಗೆ ತಿಳಿಯಲ್ಲ."

"ತಿಳಿಯದೇ ಇದ್ದರೆ ಭಯ ಜಾಸ್ತಿ, ಒಳ್ಳೆಯದೇ. ಸರಗೋಸಾ ತೆಗಿ, ನಾವು ಸೋತಿದ್ದನ್ನ ಯಾಕೆ ಬರೀಬೇಕು? ಹಣ್ಣು ಬಿಡಲಿಲ್ಲ ಅನ್ನೋದೂ ತೆಗಿ."

"ಅದೊಂದು ಇರಲಿ ಅಮ್ಮನವರೇ, ಅಡುಗೆಯವಳು ಸಿಟ್ಟಾಗ್ತಾಳೆ."

"ಇರಲಿ ಬಿಡು. ಟ್ರೆಂಟ್ ಬತ್ತಿತು ಅಂತ ಬರಿ. ಆದರೆ ಅಲ್ಲಿ ಯಾರು ಇಳಿದರು, ಯಾರ ಕಾಲಲ್ಲಿ ಏನಿತ್ತು ಅದೆಲ್ಲ ಬೇಡ." ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ಎಲ್ಲಕ್ಕಿಂತ ಮೊದಲು, ನಮ್ಮ ರಾಜರ ಮಗಳನ್ನ ಜರ್ಮನಿ ರಾಜರ ಜೊತೆ ಮದುವೆಗೆ ಸಮುದ್ರದಾಚೆ ಕಳಿಸಿದ್ದು," ಅಂದರು.

ಗುನ್ನಿಲ್ಡಾ, ಆ ಮಗುವನ್ನ ಕಳಿಸಿದ್ದು ತಪಸ್ಸುಕಾಲಕ್ಕೆ ಮುಂಚೆ. ಫೆಬ್ರುವರಿ!

"ಅಮ್ಮನವರೇ, ಅದು ತಮ್ಮ ಲೆಕ್ಕದಲ್ಲಿ ಹೋದ ವರ್ಷಕ್ಕೆ ಹೋಗುತ್ತೆ," ಅಂದೆ, ಆದಷ್ಟು ಮೆತ್ತಗೆ.

ಅವರ ಮುಖ ನೋಡಬೇಕಿತ್ತು. ಬೆರಳು ಮಡಿಸಿ ತಿಂಗಳು ಎಣಿಸಿದರು. ಇನ್ನೊಂದು ಸಲ ಎಣಿಸಿದರು. "ಹೊರಟಿದ್ದು ಹೋದ ವರ್ಷ, ಆದರೆ ಅಲ್ಲಿ ತಲುಪಿ ನಿಶ್ಚಯ ಆಗಿದ್ದು ಈ ವರ್ಷ. ರಾಜನ ಮಗಳು ಅಂದಮೇಲೆ ಎರಡು ವರ್ಷದಲ್ಲೂ ಇರಬಹುದು."

"ಹಾಗಾದರೆ ಟೋಲಾ?"

"ಟೋಲಾ ಎಲ್ಲಿಗೆ ತಲುಪಿದಳು ಅಂತ ನಮಗೆ ಗೊತ್ತಿಲ್ಲವಲ್ಲಮ್ಮ," ಅಂದರು. ಕುಹಕ ಇರಲಿಲ್ಲ ಮಾತಿನಲ್ಲಿ, ಅದೇ ನನಗೆ ಇನ್ನೂ ಉರಿಸಿತು. ಸ್ವರ್ಗಕ್ಕೇ ಅಂತ ಹಲ್ಲು ಕಚ್ಚಿ ಹೇಳಿ ಎದ್ದು ಬಂದೆ.

ಸೀದಾ ಬರೆಯೋ ಕೋಣೆಗೆ ಹೋಗಿ 1109ರ ಸಾಲು ಬಿಚ್ಚಿ ಕೂತೆ. ಮೂರು ಸಂಗತಿ ಇದ್ದವು. ಆರ್ಚ್‌ಬಿಷಪ್ ತೀರಿಕೊಂಡರು: ಅವರನ್ನ ಮುಟ್ಟೋ ಧೈರ್ಯ ಯಾರಿಗಿದೆ? ಗುಡುಗು ಸಿಡಿಲು ಬಹಳ: ಅದು ದೇವರದು. ಮೂರನೇದು, ಎಡಿವಾ ಈ ಪುಸ್ತಕದ ಹೊಣೆ ಹೊತ್ತಳು. ಅದು ನನ್ನದು. ಪುಸ್ತಕದಲ್ಲೆಲ್ಲ ನನ್ನ ಹೆಸರು ಇರೋದು ಅಲ್ಲೊಂದು ಕಡೆ ಮಾತ್ರ, ಅದನ್ನ ಬರೆಯುವಾಗ ಒಳ್ಳೇ ಶಾಯಿ ಹುಡುಕಿ ಮೊದಲ ಅಕ್ಷರಕ್ಕೆ ಒಂದು ಸಣ್ಣ ಹೂವೂ ಬಿಟ್ಟಿದ್ದೆ. ಚಾಕು ತಗೊಂಡು ಹೆರೆದೆ. ತೊಗಲಿನ ಹಾಳೆ, ಗೊತ್ತಲ್ಲ, ನಿಧಾನಕ್ಕೆ ಕೆರೆದರೆ ಶಾಯಿ ಪುಡಿಯಾಗಿ ಬರುತ್ತೆ. ಹೂವು ಮಾತ್ರ ಬೇಗ ಹೋಗಲಿಲ್ಲ, ನನ್ನ ಜಂಬ ಅಷ್ಟು ಆಳಕ್ಕಿಳಿದಿತ್ತು. ಆಮೇಲೆ ಬರೆದೆ: ಟೋಲಾ ತೀರಿಕೊಂಡಳು. ಬರೆದು ನೋಡಿದರೆ, ನನ್ನ ಬಡಿವಾರ ಉದ್ದ ಇತ್ತಲ್ಲ, ಇನ್ನೂ ಎರಡು ಬೆರಳು ಜಾಗ ಮಿಕ್ಕಿದೆ! ಅದರಲ್ಲಿ ಇನ್ನೊಂದು ಮಾತೂ ಹಿಡಿಸಿತು: ಹೂಜಿ ಕಳೆದದ್ದು ಅವಳಲ್ಲ.

ಮರುದಿನ ಅಮ್ಮನವರು ಪುಸ್ತಕ ತರಿಸಿಕೊಂಡರು. 1109ರ ಹತ್ತಿರ ಬೆರಳು ನಿಂತಿತು. ಎರಡು ಸಲ ಓದಿದರು.

"ನನ್ನ ಪಾದರಕ್ಷೆ ವಿಷಯ ಎಲ್ಲೂ ಇಲ್ಲ ತಾನೇ?"

"ಇಲ್ಲ ಅಮ್ಮನವರೇ."

"ಸರಿ," ಅಂತ ಪುಸ್ತಕ ಮುಚ್ಚಿ ಕೊಟ್ಟರು. ಆವತ್ತು ಊಟಕ್ಕೆ ನನ್ನ ರೊಟ್ಟಿ ಮೇಲೆ ಒಂದು ಮುದ್ದೆ ಬೆಣ್ಣೆ ಇತ್ತು. ಯಾರು ಇಟ್ಟರು ಅಂತ ಕೇಳೋಕೆ ಹೋಗಲಿಲ್ಲ.

ಹೀಗೆ ನಮ್ಮ ಟೋಲಾ ಆರ್ಚ್‌ಬಿಷಪ್ಪರ ಪಕ್ಕದಲ್ಲೇ, ಒಂದು ಗುಡುಗು ಬಿಟ್ಟು ಆಚೆಗೆ ಕೂತಿದ್ದಾಳೆ. ಎರಡು ತಲೆಯ ಕರು ಹನ್ನೊಂದು ಸಾಲು ಮೇಲಿದೆ, ಅಲ್ಲಿಂದ ಇವಳನ್ನ ನೋಡಿಕೊಂಡಿರಲಿ.

ನಿನ್ನ ಮೊಣಕಾಲಿಗೆ ಹೆಬ್ಬಾತಿನ ಕೊಬ್ಬು ಹಚ್ಚು, ಪತ್ರದ ಜೊತೆ ಒಂದು ಡಬ್ಬಿ ಕಳಿಸಿದ್ದೀನಿ. ತಿನ್ನೋದಕ್ಕಲ್ಲ. ದೇವರು ನಿನ್ನನ್ನ ಚಳಿಯಿಂದ ಕಾಯಲಿ, ಮಾತೆ ಮರಿಯ ನಿನ್ನ ತಲೆ ಮೇಲೆ ಕೈಯಿಟ್ಟಿರಲಿ. ನಾವಿಬ್ಬರೂ ಇನ್ನೊಂದು ಸಲ ಒಟ್ಟಿಗೆ ಕೂತು ನಗೋ ಹಾಗಾಗಲಿ.

ನಿನ್ನ
ಎಡಿವಾ

ಮರೆತ ಮಾತು: ಮರೆತಿಲ್ಲ. ನಿನ್ನ ಎರಡನೇ ಪ್ರಶ್ನೆ. ನಾನು ಹತ್ತಿರ ಇರಲಿಲ್ಲ ಗುನ್ನಿಲ್ಡಾ.

ಆವತ್ತು ಆಸ್ಕೆಟಿಲ್ ಡೋವರ್ ಕಡೆಯಿಂದ ಬಂದಿದ್ದ. ರಾಜನ ಮಗಳ ಮೆರವಣಿಗೆ ಕಣ್ಣಾರೆ ಕಂಡೆ ಅಂತ ಅತಿಥಿಗೃಹದಲ್ಲಿ ಕೂತು ಹೇಳ್ತಿದ್ದ, ಎಷ್ಟು ಕುದುರೆ, ಎಷ್ಟು ಪೆಟ್ಟಿಗೆ, ಎಷ್ಟು ಬಿಷಪ್ಪರು. ನಾನು ಮೇಣದ ಹಲಗೆ ತೊಡೆ ಮೇಲಿಟ್ಟು ಗೀಚಿಕೊಳ್ತಿದ್ದೆ. ಟೋಲಾ ಮೂರು ಸಲ ಹೇಳಿಕಳಿಸಿದಳು. ಎರಡು ಸಲ "ಬಂದೆ ಅನ್ನು" ಅಂದೆ. ಮೂರನೇ ಸಲ ಅಡುಗೆಯವಳು ಬಂದು, "ಬರೋದು ಬೇಡವಂತೆ, ಕೆಲಸ ಕೆಡಿಸಿಕೋಬೇಡ ಅಂದಳು. ಒಂದು ಮಾತು ಮಾತ್ರ ಅವನನ್ನ ಕೇಳಿ ಹೇಳಬೇಕಂತೆ," ಅಂದಳು. ಏನು ಅಂದೆ. "ಆ ರಾಜನ ಮಗಳಿಗೆ ಎಂಟೇ ವರ್ಷ ಅಂತಾರಲ್ಲ. ಪರಸ್ಥಳದಲ್ಲಿ ಅತ್ತರೆ ಮಗ್ಗುಲಲ್ಲಿ ಮಲಗಿಸಿಕೊಳ್ಳೋಕೆ ಯಾರಾದರೂ ಹೆಂಗಸು ಜೊತೆಗೆ ಹೋಗಿದ್ದಾಳಾ ಅಂತ."

ನನಗೆ ನಗು ಬಂತು. ಇಂಥ ಮಾತು ಪುಸ್ತಕಕ್ಕೆ ಬರುತ್ತಾ ಅಂತ. ಕೇಳಲಿಲ್ಲ. ಎಲ್ಲ ಬರೆದುಕೊಂಡು ಎದ್ದು ಹೋದಾಗ ಅವಳ ಕೈ ತಣ್ಣಗಾಗಿತ್ತು. ನಿನ್ನನ್ನ ಏಳು ವರ್ಷಕ್ಕೆ, ನನ್ನನ್ನ ಆರು ವರ್ಷಕ್ಕೆ ಈ ಬಾಗಿಲಲ್ಲಿ ಬಿಟ್ಟುಹೋದಾಗ ಮೊದಲ ಚಳಿಗಾಲ ಪೂರ್ತಿ ನಾವು ಅವಳ ಎಡಕ್ಕೊಬ್ಬರು ಬಲಕ್ಕೊಬ್ಬರು ಮಲಗಿದ್ದೆವು. ಅವಳ ಮಗ್ಗುಲಲ್ಲಿ ಯಾರೂ ಇರಲಿಲ್ಲ.

ಆಮೇಲೆ ಆಸ್ಕೆಟಿಲನನ್ನ ಕೇಳಿದೆ. "ಅದನ್ನೆಲ್ಲ ಯಾರು ನೋಡ್ತಾರೆ ಸಿಸ್ಟರ್?" ಅಂದ. ಕೆಂಟ್ ದಾರೀಲಿ ಜರ್ಮನಿಯಿಂದ ಬರೋರು ಹೋಗೋರು ನಿಮಗೆ ಸಿಗ್ತಿರ್ತಾರಲ್ಲ. ಕೇಳು ಕಣೇ. ಅರಮನೇಲಿ ಕೆಲಸಕ್ಕಿದ್ದ ಹೆಂಗಸರು ಸಿಕ್ಕರೆ ಅವರನ್ನೇ ಕೇಳು. ಆ ಮಗು ಅತ್ತರೆ ಹತ್ತಿರ ಯಾರಿದ್ದಾರೆ ಅಂತ ತಿಳಿದು ಬರಿ. ನಾನು ಹೋಗಿ ಟೋಲಾಗೆ ಹೇಳಬೇಕು.